ನಡುರಾತ್ರಿಯ ಅತಿಥಿಗಳು

'ಅತಿಥಿ' ಎಂಬ ಶಬ್ದಕ್ಕೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದವನನ್ನು 'ಬನ್ನಿ, ಕೈಕಾಲು ತೊಳೆಯಿರಿ' ಎಂದು ಕರೆದು, ಒಳಗೆ ಹೋಗಿ ಸಾರಿಗೆ ಎರಡು ಲೋಟ ನೀರು ಬೆರೆಸಿ, ಏನೂ ನಡೆದಿಲ್ಲವೆಂಬಂತೆ ಎಲೆ ಹಾಕುವ ಜಾಣ್ಮೆ ನಮ್ಮ ತಾಯಂದಿರಿಗೆ ಕರಗತವಾಗಿತ್ತು. ಆ ಜಾಣ್ಮೆ ಒಂದೇ ದಿನದಲ್ಲಿ ಬಂದುದಲ್ಲ. ಸಂಸಾರ ಹೂಡಿದ ಮೊದಲ ವರ್ಷದಲ್ಲಿ ಎಷ್ಟು ಸಲ ಅನ್ನ ಸೀದಿತೊ, ಎಷ್ಟು ಸಲ ಉಪ್ಪು ಎರಡು ಬಾರಿ ಬಿದ್ದಿತೊ, ಅದನ್ನು ಉಂಡು ಸುಮ್ಮನೆದ್ದ ಅತಿಥಿಗಳೇ ಬಲ್ಲರು.

ಈ ಮಾತು ನನಗೆ ನೆನಪಾದದ್ದು ಅಮೆರಿಕದ ಒಂದು ಟೆಲಿವಿಷನ್ ಕಾರ್ಯಕ್ರಮದ ಮೊದಲ ವರ್ಷದ ಕಥೆಯನ್ನು ಮೆಲುಕು ಹಾಕುತ್ತಿದ್ದಾಗ. ಅಲ್ಲಿಯೂ ಒಬ್ಬ ಆತಿಥೇಯನಿದ್ದ, ಅತಿಥಿಗಳಿದ್ದರು. ಆದರೆ ಆ ಅತಿಥಿಗಳು ತಿಥಿಯನ್ನು ಮಾತ್ರವಲ್ಲ, ಗಳಿಗೆಯನ್ನೂ ನಿಶ್ಚಯಿಸಿಕೊಂಡು ಬರತಕ್ಕವರು. ನಾಡಿನ ಜನರ ಮನೆಯನ್ನು ಅವರು ಹೊಗುತ್ತಿದ್ದುದು ನಡುರಾತ್ರಿ ಕಳೆದು ೧೨ ಗಂಟೆ ೩೫ ನಿಮಿಷಕ್ಕೆ! ನಮ್ಮಲ್ಲಿ ಆ ಹೊತ್ತಿಗೆ ಬಾಗಿಲು ಬಡಿದವರಿಗೆ ದೊರೆಯುವ ಸ್ವಾಗತವೇ ಬೇರೆ.

ಈ ಬಗೆಯ ಕಾರ್ಯಕ್ರಮಕ್ಕೆ ಅಲ್ಲಿನವರು 'ಟಾಕ್ ಷೋ' ಎನ್ನುತ್ತಾರೆ. ಅದರ ಏರ್ಪಾಡು ಬಹಳ ಸರಳವಾದದ್ದು. ಒಂದು ಮೇಜು, ಅದರ ಹಿಂದೆ ಸೂಟು ತೊಟ್ಟ ಆತಿಥೇಯ. ಪಕ್ಕದಲ್ಲಿ ಅತಿಥಿಗಾಗಿ ಆಸನ. ಒಂದು ವಾದ್ಯವೃಂದ. ಎದುರಿಗೆ ಟಿಕೆಟ್ಟಿಗೆ ಹಣ ಕೊಡದೆ ಬಂದು ಕುಳಿತ ಪ್ರೇಕ್ಷಕರು. ಆತಿಥೇಯನು ಮೊದಲು ನಿಂತು ಅಂದಿನ ಸುದ್ದಿಗಳ ಮೇಲೆ ನಾಲ್ಕು ವಿನೋದದ ಮಾತುಗಳನ್ನಾಡುತ್ತಾನೆ. ಬಳಿಕ ಕುಳಿತು ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾನೆ. ಬರುವವರು ಹೆಚ್ಚಾಗಿ ಚಲನಚಿತ್ರ ನಟರು, ಗಾಯಕರು, ಗ್ರಂಥಕರ್ತರು. ತಮ್ಮ ಹೊಸ ಚಿತ್ರವನ್ನೋ ಪುಸ್ತಕವನ್ನೋ ಜನಕ್ಕೆ ತಿಳಿಸಬೇಕೆಂಬ ಸ್ವಂತ ಪ್ರಯೋಜನವೂ ಅವರಿಗಿರುತ್ತದೆ. ಮಾತು ಸಹಜವಾಗಿ ಹುಟ್ಟಿದಂತೆ ಕಂಡರೂ, ಯಾವ ಕಥೆ ಹೇಳಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಅತಿಥಿಯೊಡನೆ ಮುಂಚಿತವಾಗಿಯೇ ಮಾತಾಡಿಕೊಂಡಿರುತ್ತಾರೆ. ನಡುರಾತ್ರಿಯೆಂಬುದೂ ನೋಡುವವರ ಪಾಲಿಗೆ ಮಾತ್ರ. ಚಿತ್ರೀಕರಣ ಮುಗಿಯುವುದು ಸಂಜೆಯ ಹೊತ್ತಿಗೆ. ಇಷ್ಟೆಲ್ಲ ಗೊತ್ತಿದ್ದೂ ಮನೆಯಲ್ಲಿ ದೀಪವಾರಿಸಿ ಹಾಸಿಗೆಯ ಮೇಲೆ ಕುಳಿತವನಿಗೆ, ಇವರು ತನ್ನೊಡನೆಯೇ ಹರಟುತ್ತಿದ್ದಾರೆ ಎಂಬ ಭಾವನೆ ಬರಬೇಕು. ಬಂದರೆ ಆತಿಥೇಯ ಗೆದ್ದ. ಬರದಿದ್ದರೆ ಮೇಜು, ಸೂಟು, ವಾದ್ಯವೃಂದಗಳಲ್ಲಿ ಯಾವುದೂ ಆತನನ್ನು ಕಾಯಲಾರದು.

ಎನ್.ಬಿ.ಸಿ. ಎಂಬ ಸಂಸ್ಥೆಯಲ್ಲಿ ರಾತ್ರಿಯ ಈ ಪೀಠದ ಮೇಲೆ ಜಾನಿ ಕಾರ್ಸನ್ ಎಂಬಾತ ೧೯೬೨ರ ಅಕ್ಟೋಬರ್‌ನಿಂದ ೧೯೯೨ರ ಮೇ ತಿಂಗಳವರೆಗೆ, ಸುಮಾರು ೩೦ ವರ್ಷ, ರಾಜನಂತೆ ಕುಳಿತಿದ್ದ. ಆತನ ಕಾರ್ಯಕ್ರಮ ಮುಗಿದೊಡನೆ, ಅದೇ ಸಂಸ್ಥೆಯಲ್ಲಿ, 'ಲೇಟ್ ನೈಟ್' ಎಂಬ ಹೆಸರಿನ ಇನ್ನೊಂದು ಕಾರ್ಯಕ್ರಮ. ಅದನ್ನು ೧೯೮೨ರ ಫೆಬ್ರುವರಿಯಿಂದ ನಡೆಸಿಕೊಂಡು ಬಂದವನು ಡೇವಿಡ್ ಲೆಟರ್‌ಮನ್. ಕಾರ್ಸನ್ ನಿವೃತ್ತನಾದಾಗ ಆ ಪೀಠ ತನಗೇ ಸಲ್ಲಬೇಕೆಂದು ಲೆಟರ್‌ಮನ್ ಆಶಿಸಿದ್ದ. ಸಂಸ್ಥೆಯು ಅದನ್ನು ಜೇ ಲೆನೊ ಎಂಬಾತನಿಗೆ ಕೊಟ್ಟಿತು. ಪಟ್ಟ ತಪ್ಪಿದವನು ಮುನಿಸಿಕೊಂಡು ೧೯೯೩ರ ಜೂನ್‌ನಲ್ಲಿ ಮನೆ ಬಿಟ್ಟು, ಎದುರು ಪಾಳಯವಾದ ಸಿ.ಬಿ.ಎಸ್. ಸಂಸ್ಥೆಯನ್ನು ಸೇರಿದ. ಆಗಸ್ಟ್ ೩೦ರಂದು ಅಲ್ಲಿ ಆತನ ಹೊಸ ಕಾರ್ಯಕ್ರಮ ಆರಂಭವಾದಾಗ ಮೊದಲ ಅತಿಥಿಯಾಗಿ ಬಂದವನು ನಟ ಬಿಲ್ ಮರ್ರಿ. ಹನ್ನೊಂದು ವರ್ಷಗಳ ಹಿಂದೆ 'ಲೇಟ್ ನೈಟ್' ಆರಂಭವಾದ ರಾತ್ರಿಯೂ ಮೊದಲು ಬಂದಿದ್ದವನು ಆತನೇ. ಹೊಸ ಮನೆಯ ಹೊಸ್ತಿಲನ್ನು ಹಳೆಯ ಮಿತ್ರನೇ ಮೊದಲು ದಾಟಲಿ ಎಂಬ ಬಯಕೆ ನಮಗೊಬ್ಬರಿಗೇ ಮೀಸಲಾದುದಲ್ಲ.

ಇತ್ತ ಬರಿದಾದ 'ಲೇಟ್ ನೈಟ್' ಪೀಠಕ್ಕೆ ಯಾರು? ಹೆಸರಾಂತ ಹಾಸ್ಯಗಾರನಾದ ಗ್ಯಾರಿ ಶ್ಯಾಂಡ್ಲಿಂಗ್ ಒಲ್ಲೆನೆಂದ. ಕಾರ್ಯಕ್ರಮದ ಹೊಣೆ ಹೊತ್ತಿದ್ದ ಲಾರ್ನ್ ಮೈಕೆಲ್ಸ್ ಕಡೆಗೆ ಆರಿಸಿದ್ದು ಕೋನನ್ ಓಬ್ರಯನ್ ಎಂಬ ತರುಣನನ್ನು. ಬಾಸ್ಟನ್ ಬಳಿಯ ಬ್ರೂಕ್‌ಲೈನ್‌ನವನು. ಆರು ಮಕ್ಕಳಲ್ಲಿ ಮೂರನೆಯವನು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿನ ವಿನೋದ ಪತ್ರಿಕೆ 'ಲ್ಯಾಂಪೂನ್'ಗೆ ಎರಡು ಬಾರಿ ಅಧ್ಯಕ್ಷನಾಗಿದ್ದ. ಬಳಿಕ 'ಸ್ಯಾಟರ್ಡೆ ನೈಟ್ ಲೈವ್' ಎಂಬ ವಿನೋದ ಕಾರ್ಯಕ್ರಮಕ್ಕೂ 'ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಮಾಲೆಗೂ ಬರೆದು ಹೆಸರು ಮಾಡಿದ್ದ. ಎಂದರೆ, ತೆರೆಯ ಹಿಂದೆ ಕುಳಿತು ಇತರರ ಬಾಯಿಗೆ ಮಾತು ಕೊಡುತ್ತಿದ್ದವನು. ಕ್ಯಾಮರಾ ಮುಂದೆ ಬಹುಮಟ್ಟಿಗೆ ಅಪರಿಚಿತ. ೧೯೯೩ರ ಏಪ್ರಿಲ್‌ನಲ್ಲಿ ಲೆನೊನ ವೇದಿಕೆಯ ಮೇಲೆಯೇ ಆತನಿಗೊಂದು ಪರೀಕ್ಷೆ ನಡೆಯಿತು. ಪರೀಕ್ಷೆಗೂ ಅತಿಥಿಗಳು ಬೇಕಷ್ಟೆ? ಮಿಮಿ ರಾಜರ್ಸ್ ಮತ್ತು ಜೇಸನ್ ಅಲೆಗ್ಸಾಂಡರ್ ಎಂಬ ನಟರು ಬಂದು, ಹೆಸರಿಲ್ಲದ ಈ ಯುವಕನೆದುರು ಕುಳಿತು ಮಾತಾಡಿದರು. ಅದೇ ತಿಂಗಳಲ್ಲಿ ಪಟ್ಟ ನಿಶ್ಚಯವಾಯಿತು. ಆಗ ಆತನಿಗೆ ೩೦ ವರ್ಷ.

೧೯೯೩ರ ಸೆಪ್ಟೆಂಬರ್ ೧೩ರಂದು ಕಾರ್ಯಕ್ರಮ ಮೊದಲಾಯಿತು. ಆ ದಿನವೇ ಹೊರಟ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಒಂದು ಲೇಖನ. ಓಬ್ರಯನ್ ಸಂಪೂರ್ಣವಾಗಿ ಸೋತನೆಂದು ಅದರ ತಲೆಬರಹವೇ ಸಾರುತ್ತಿತ್ತು. ಅದನ್ನು ಬರೆದವನು ಬೇರಾರೂ ಅಲ್ಲ, ಓಬ್ರಯನ್ನನೇ! ಕಾರ್ಯಕ್ರಮ ನಡೆಯುವ ಮೊದಲೇ ತನ್ನ ಮೇಲೆ ತಾನೇ ಕಟುವಿಮರ್ಶೆ ಬರೆದುಕೊಂಡು ಆತ ನಕ್ಕಿದ್ದ. ರಾತ್ರಿಯ ಕಾರ್ಯಕ್ರಮದ ಆರಂಭವೂ ಅದೇ ಧಾಟಿಯದು. ಆತ ಲವಲವಿಕೆಯಿಂದ ಸ್ಟುಡಿಯೊ ಕಡೆಗೆ ನಡೆಯುತ್ತಿರುತ್ತಾನೆ. ಎದುರಾದವರೆಲ್ಲ 'ಲೆಟರ್‌ಮನ್‌ನಷ್ಟು ಚೆನ್ನಾಗಿ ಮಾಡಬೇಕು, ತಿಳಿಯಿತೆ?' ಎಂಬರ್ಥದ ಮಾತನ್ನೇ ಆಡುತ್ತಾರೆ. ನಗುನಗುತ್ತಲೇ ತನ್ನ ಕೋಣೆಯನ್ನು ಹೊಕ್ಕು, ಜೀವ ಕಳೆದುಕೊಳ್ಳಲು ಸಿದ್ಧನಾಗುತ್ತಿರುವಂತೆ ಅಭಿನಯಿಸುತ್ತಾನೆ. ಅಷ್ಟರಲ್ಲಿ ವೇದಿಕೆಗೆ ಕರೆ ಬರುತ್ತದೆ. ಜನ ನಕ್ಕರು. ಆದರೆ ಆ ನಗುವಿನ ಅಡಿಯಲ್ಲಿದ್ದ ನಡುಕ ಹುಸಿಯಾಗಿರಲಿಲ್ಲವೆಂಬುದು ಮುಂದಿನ ತಿಂಗಳುಗಳಲ್ಲಿ ತಿಳಿಯಿತು. ಬೇರೆಯವರು ಹೊಡೆಯುವ ಮೊದಲು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡರೆ ನೋವು ಕಡಿಮೆಯಾದೀತೆಂದು ಎಣಿಸುವುದು ಹೊಸಬರ ಸ್ವಭಾವವಲ್ಲವೆ?

ಅಂದು ಬಂದ ಅತಿಥಿಗಳು ಮೂವರು. ಮೊದಲನೆಯವನು ಸ್ಥೂಲಕಾಯದ ಜನಪ್ರಿಯ ನಟ ಜಾನ್ ಗುಡ್‌ಮನ್. 'ಮೊದಲ ಅತಿಥಿ' ಎಂದು ಆತನಿಗೊಂದು ಪದಕವನ್ನೇ ತೊಡಿಸಿದರು. ಎರಡನೆಯವಳು ಡ್ರೂ ಬ್ಯಾರಿಮೋರ್. ಏಳು ವರ್ಷದ ಹುಡುಗಿಯಾಗಿ 'ಇ.ಟಿ.' ಚಿತ್ರದಿಂದ ಲೋಕಪ್ರಸಿದ್ಧಳಾಗಿದ್ದ ಆಕೆಗೆ ಆಗ ಇನ್ನೂ ೧೮. ಮೂರನೆಯವರು ೭೩ ವರ್ಷದ ಹಿರಿಯ ನಟ ಟೋನಿ ರ‍್ಯಾಂಡಲ್. ಹದಿನೆಂಟರ ಹುಡುಗಿ ಒಂದು ಕಡೆ, ಎಪ್ಪತ್ತಮೂರರ ಹಿರಿಯರು ಒಂದು ಕಡೆ. ನಡುವೆ ಕೆಂಪು ಕೂದಲಿನ, ಉದ್ದ ಕಾಲಿನ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದ ಆತಿಥೇಯ. ಪಕ್ಕದಲ್ಲಿ ಆತನಷ್ಟೇ ಅಪರಿಚಿತನಾದ ಜೊತೆಗಾರ ಆಂಡಿ ರಿಕ್ಟರ್. ಆ ಕೂಟದಲ್ಲಿ ಪಳಗಿದ ಕೈಯೆಂದರೆ ವಾದ್ಯವೃಂದದ ನಾಯಕ ಮ್ಯಾಕ್ಸ್ ವೈನ್‌ಬರ್ಗ್‌ನದೇ ಎನ್ನಬೇಕು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಈ ಹೊಸಬರೂ ಹಾಗೆಯೇ ಒಗೆದರು, ಗೋಣಿ ಶುಭ್ರವಾಗಲಿಲ್ಲ. ಪತ್ರಿಕೆಗಳವರು ಮುಗಿಬಿದ್ದರು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಪ್ರಸಿದ್ಧ ವಿಮರ್ಶಕ ಟಾಮ್ ಶೇಲ್ಸ್, ಆತನ ಚಡಪಡಿಕೆಯನ್ನೂ ಹಲ್ಲುಕಿರಿತವನ್ನೂ ಎಣಿಸಿ ತೋರಿಸಿ, ಎಲ್ಲಿಂದ ಬಂದನೋ ಆ ಅಜ್ಞಾತಕ್ಕೇ ಹಿಂದಿರುಗಲಿ ಎಂದು ಕುಟುಕಿದ. ಸ್ಥಳೀಯ ಟೆಲಿವಿಷನ್ ಕೇಂದ್ರಗಳವರು ಬೇರೆ ಆತಿಥೇಯರು ಯಾರಾದರೂ ಸಿಕ್ಕಾರೆಯೆ ಎಂದು ವಿಚಾರಿಸತೊಡಗಿದರು. ಸಂಸ್ಥೆಯವರು ಆತನಿಗೆ ಕೊಡುತ್ತಿದ್ದ ಮುಂದುವರಿಕೆ ೧೩ ವಾರಗಳದು. ೧೩ ವಾರ ಕಳೆಯಲಿ, ಆಮೇಲೆ ನೋಡೋಣ. ಮತ್ತೆ ೧೩ ವಾರ. ಬಾಡಿಗೆ ಮನೆಯಲ್ಲಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲೂ ಕೈ ಬಾರದ ವಾಸವದು. ಎಲ್ಲಕ್ಕಿಂತ ಮನಸ್ಸನ್ನು ಕಲಕುವ ಸಂಗತಿಯೆಂದರೆ, ಪ್ರೇಕ್ಷಕರ ಆಸನಗಳು ಭರ್ತಿಯಾಗದೆ, ಅಲ್ಲಿ ಕೆಲಸ ಕಲಿಯಲು ಬಂದಿದ್ದ ಹುಡುಗ ಹುಡುಗಿಯರನ್ನೇ ತಂದು ಖಾಲಿ ಕುರ್ಚಿಗಳಲ್ಲಿ ಕೂರಿಸಬೇಕಾಗಿ ಬಂದದ್ದು.

ನಿಜವಾದ ಅತಿಥಿಗಳ ಜೊತೆಗೆ ಆರಂಭದ ದಿನಗಳಲ್ಲಿ ಅವರು ಕೃತಕ ಅತಿಥಿಗಳನ್ನೂ ಸೃಷ್ಟಿಸಿಕೊಂಡರು. ರಾಷ್ಟ್ರಾಧ್ಯಕ್ಷನದೋ ಮತ್ತಾವ ಗಣ್ಯನದೋ ಭಾವಚಿತ್ರವೊಂದನ್ನು ತೆರೆಯ ಮೇಲೆ ಇಳಿಬಿಟ್ಟು, ಬಾಯಿಯ ಜಾಗದಲ್ಲಿ ಮಾತ್ರ ಬೇರೊಬ್ಬನ ಜೀವಂತ ತುಟಿಗಳು ಅಲ್ಲಾಡುವಂತೆ ಮಾಡುವುದು. ಆ ಚಿತ್ರದೊಡನೆ ಓಬ್ರಯನ್ ಗಂಭೀರವಾಗಿ ಸಂದರ್ಶನ ನಡೆಸುವುದು. ಅದರ ಹಿಂದಿದ್ದ ಕಂಠ ಮತ್ತು ತುಟಿ ಮುಖ್ಯ ಲೇಖಕನಾಗಿದ್ದ ರಾಬರ್ಟ್ ಸ್ಮೈಗಲ್‌ನವು. ಅಗ್ಗದ ಉಪಾಯ, ಆದರೆ ನೋಡಿದವರಿಗೆ ನಗು ತಡೆಯದು. ಸಾರಿಗೆ ನೀರು ಬೆರೆಸುವ ಜಾಣ್ಮೆ ಮೆಲ್ಲನೆ ಕುದುರುತ್ತಿತ್ತೆಂದು ನಾನು ತಿಳಿಯುತ್ತೇನೆ. ನಾಡಿಗೆ ಇನ್ನೂ ಹೊಸಬರಾದ ಸಂಗೀತಗಾರರಿಗೂ ಆ ವೇದಿಕೆ ತೆರೆದಿತ್ತು. ಇಂಗ್ಲೆಂಡಿನಿಂದ ಬಂದ 'ರೇಡಿಯೊಹೆಡ್' ತಂಡ ಅಲ್ಲಿ ಹಾಡಿದ್ದು ೧೯೯೩ರಲ್ಲಿ. ಮುಂದೆ ಅದು ಜಗತ್ತಿನ ಹೆಸರಾಂತ ತಂಡಗಳಲ್ಲಿ ಒಂದಾಯಿತು. ಆತಿಥೇಯನೂ ಹೊಸಬ, ಅತಿಥಿಗಳೂ ಹೊಸಬರು.

ಈ ಖಾಲಿ ಕುರ್ಚಿಗಳ ಮಾತು ಬಂದಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ರಾಮೋತ್ಸವದಲ್ಲಿ ಒಬ್ಬ ಹುಡುಗಿಯ ಮೊದಲ ಕಚೇರಿ. ಪಕ್ಕವಾದ್ಯದವರೂ ಎಳೆಯರು. ಎರಡನೆಯ ಕೃತಿಯಲ್ಲಿ ಶ್ರುತಿ ಕೊಂಚ ಜಾರಿತು. ಮುಂದಿನ ಸಾಲಿನಲ್ಲೇ ಕುಳಿತಿದ್ದ ನಾನು ಗಡಿಯಾರ ನೋಡಿಕೊಂಡು ಎದ್ದೆ. ಚಪ್ಪಲಿ ಮೆಟ್ಟುವಾಗ ಹಿಂದಿರುಗಿ ನೋಡಿದರೆ, ಹಾಡುತ್ತಿದ್ದ ಆ ಹುಡುಗಿಯ ಕಣ್ಣು ನಾನು ಬಿಟ್ಟುಬಂದ ಕುರ್ಚಿಯ ಮೇಲಿತ್ತು. ನನ್ನ ಹೆಂಡತಿ ಮಾತ್ರ ಮಂಗಳದವರೆಗೂ ಕುಳಿತಿದ್ದು ಮನೆಗೆ ಬಂದಳು. 'ಕಡೆಯ ರಾಗಮಾಲಿಕೆ ಬಹಳ ಚೆನ್ನಾಗಿ ಬಂತು. ನೀವೂ ಇರಬೇಕಾಗಿತ್ತು' ಎಂದಳು, ಅಷ್ಟೆ. ಆ ಮೃದುವಾದ ಮಾತು ಬೈಗುಳಕ್ಕಿಂತ ಹೆಚ್ಚು ಕಾಲ ನನ್ನನ್ನು ಕುಟುಕಿದೆ.

ಓಬ್ರಯನ್ನನ ಮೊದಲ ವರ್ಷದಲ್ಲಿ, ಇತರರೆಲ್ಲ ಏಳುತ್ತಿದ್ದ ಹೊತ್ತಿನಲ್ಲಿ ಬಂದು ಕುಳಿತವನು ಯಾರು ಗೊತ್ತೆ? ಡೇವಿಡ್ ಲೆಟರ್‌ಮನ್. ೧೯೯೪ರ ಫೆಬ್ರುವರಿ ಕೊನೆಯಲ್ಲಿ ಆತ ಅತಿಥಿಯಾಗಿ ಬಂದ. ಸನ್ನಿವೇಶವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಆತ ಮುನಿಸಿಕೊಂಡು ಬಿಟ್ಟುಹೋದ ಸಂಸ್ಥೆ. ರಾಕೆಫೆಲರ್ ಕೇಂದ್ರದ ಅದೇ ಕಟ್ಟಡ. ಹನ್ನೊಂದು ವರ್ಷಕ್ಕೂ ಮೇಲ್ಪಟ್ಟು ತಾನೇ ಆಳಿದ ಅದೇ '೬-ಎ' ಸ್ಟುಡಿಯೊ. ಪ್ರತಿಯೊಬ್ಬ ವಿಮರ್ಶಕನೂ ಈ ಹುಡುಗನನ್ನು ಯಾರ ಅಳತೆಗೋಲಿನಿಂದ ಅಳೆದು ಗಿಡ್ಡನೆನ್ನುತ್ತಿದ್ದನೋ, ಆ ಅಳತೆಗೋಲೇ ಬಾಗಿಲಿನಿಂದ ನಡೆದುಬಂದು, ಆತಿಥೇಯನ ಕುರ್ಚಿಯನ್ನು ಬಿಟ್ಟು, ಅತಿಥಿಯ ಆಸನದಲ್ಲಿ ಕುಳಿತಿತು! ಕುಳಿತು, ಇವರ ಕೆಲಸವನ್ನು ಎಲ್ಲರೆದುರು ಮೆಚ್ಚಿ ಮಾತಾಡಿತು. ಲೆಟರ್‌ಮನ್ ಆಗ ಸಿ.ಬಿ.ಎಸ್. ಸಂಸ್ಥೆಯಲ್ಲಿ ಕೀರ್ತಿಯ ತುದಿಯಲ್ಲಿದ್ದವನು. ಪರಸಂಸ್ಥೆಯ, ನಾಳೆಯೇ ಮುಚ್ಚಿಹೋಗಬಹುದೆಂದು ಎಲ್ಲರೂ ಹೇಳುತ್ತಿದ್ದ ಕಾರ್ಯಕ್ರಮಕ್ಕೆ ಬರಬೇಕಾದ ಅಗತ್ಯ ಆತನಿಗೆ ಎಳ್ಳಷ್ಟೂ ಇರಲಿಲ್ಲ. ಆ ಒಂದು ಭೇಟಿಯಿಂದ ನೋಡುವವರ ಸಂಖ್ಯೆ ಮರುದಿನವೇ ಏರಿತೆಂದು ಹೇಳಲಾರೆ. ಆದರೆ ಕುಗ್ಗಿಹೋಗಿದ್ದ ಆ ತಂಡದ ಬೆನ್ನು ನೆಟ್ಟಗಾಯಿತು. ಗೊತ್ತುಮಾಡಿದ ತಿಥಿಗೇ ಬಂದರೂ, ನಮ್ಮ ಹಿರಿಯರ ಅರ್ಥದಲ್ಲಿ ಅತಿಥಿಯೆನಿಸಿಕೊಳ್ಳಲು ಯೋಗ್ಯನಾಗಿ ಬಂದವನು ಆತನೊಬ್ಬ.

ತಾಳಿದವನು ಬಾಳಿಯಾನು ಎಂಬಂತೆ, ೧೩ ವಾರಗಳ ಮೇಲೆ ೧೩ ವಾರಗಳು ಕೂಡಿ ವರ್ಷವಾಯಿತು, ವರ್ಷಗಳಾದುವು. ವಾರಕ್ಕೆ ಐದು ರಾತ್ರಿಯ ದುಡಿಮೆ ಆತನಿಗೆ ಕಲಿಸಬೇಕಾದುದನ್ನು ಕಲಿಸಿತು. ತನ್ನ ಅಂಕುಡೊಂಕನ್ನು ಮುಚ್ಚಿಡುವ ಬದಲು ಅದನ್ನೇ ವಿನೋದದ ಬಂಡವಾಳ ಮಾಡಿಕೊಂಡ. ಅತಿಥಿಯ ಮಾತಿನ ನಡುವೆ ತನ್ನ ಹಾಸ್ಯವನ್ನು ತುರುಕುವ ಆತುರ ಕಳೆದು, ಕಿವಿಗೊಡುವುದನ್ನು ಕಲಿತ. ೧೯೯೬ರಲ್ಲಿ ಟಾಮ್ ಶೇಲ್ಸ್ ತನ್ನ ಹಳೆಯ ತೀರ್ಪನ್ನು ತಾನೇ ಹಿಂದಕ್ಕೆ ಪಡೆದು, ಟೆಲಿವಿಷನ್ನಿನ ಇತಿಹಾಸದಲ್ಲಿ ಇದೊಂದು ಅಪೂರ್ವ ಪರಿವರ್ತನೆ ಎಂಬರ್ಥದಲ್ಲಿ ಬರೆದ. ತಪ್ಪೊಪ್ಪಿಕೊಳ್ಳುವ ವಿಮರ್ಶಕ ದೊಡ್ಡವನೇ ಸರಿ. ಆ 'ಲೇಟ್ ನೈಟ್' ೨೦೦೯ರ ಫೆಬ್ರುವರಿಯವರೆಗೆ, ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.

ಕಥೆಗೆ ಕಹಿಯಾದ ಮತ್ತೊಂದು ಅಧ್ಯಾಯವೂ ಇದೆ. ೨೦೦೯ರ ಜೂನ್‌ನಲ್ಲಿ, ಒಂದು ಕಾಲಕ್ಕೆ ಕಾರ್ಸನ್ ಕುಳಿತಿದ್ದ ಹಿರಿಯ ಪೀಠವೇ ಓಬ್ರಯನ್ನನಿಗೆ ದೊರೆಯಿತು. ಆತನ ಜೀವನದಲ್ಲಿ ಎರಡನೆಯ 'ಮೊದಲ ವರ್ಷ' ಅದು. ಈ ಬಾರಿ ಆ ವರ್ಷ ಪೂರ್ತಿಯಾಗಲೇ ಇಲ್ಲ. ನೋಡುವವರು ಕಡಿಮೆಯಾದರೆಂದು, ಆತನ ಕಾರ್ಯಕ್ರಮವನ್ನು ಹಿಂದಕ್ಕೆ ತಳ್ಳಿ ಲೆನೊನನ್ನು ಮುಂದೆ ತರಲು ಸಂಸ್ಥೆ ಯೋಚಿಸಿತು. ಆತ ಒಪ್ಪದೆ, ೨೦೧೦ರ ಜನವರಿ ೨೨ರಂದು ಬೀಳ್ಕೊಂಡ. ಕೇವಲ ಏಳು ತಿಂಗಳು. ಕಡೆಯ ರಾತ್ರಿ ಆತ ಯುವಕರಿಗೆ ಹೇಳಿದ ಮಾತಿನ ಸಾರ ಇಷ್ಟು: ಸಿನಿಕರಾಗಬೇಡಿ, ಕಷ್ಟಪಟ್ಟು ದುಡಿಯಿರಿ, ಇತರರ ವಿಷಯದಲ್ಲಿ ದಯೆಯಿಂದಿರಿ. ಗೆದ್ದವನ ಬಾಯಿಂದ ಬಂದಿದ್ದರೆ ಇದು ಗೋಡೆಯ ಮೇಲೆ ತೂಗುಹಾಕುವ ಸುಭಾಷಿತವಾಗುತ್ತಿತ್ತು. ಪೀಠದಿಂದ ಇಳಿಯುತ್ತಿದ್ದವನ ಬಾಯಿಂದ ಬಂದುದರಿಂದ ಕೇಳಿದವರ ಎದೆಯಲ್ಲಿ ಉಳಿಯಿತು. ಎರಡು ಮೊದಲ ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗನ್ನಿಸುವುದಿಷ್ಟೆ: ಸಾಮರ್ಥ್ಯ ಒಬ್ಬನದೇ, ಮೊದಲನೆಯ ಬಾರಿ ಅನುಮಾನಿಸುತ್ತಲೇ ಆದರೂ ಕಾದರು, ಎರಡನೆಯ ಬಾರಿ ಕಾಯಲಿಲ್ಲ.

ಆ ಮೊದಲ ರಾತ್ರಿಯ ಅತಿಥಿಗಳು ಮುಂದೇನಾದರೆಂದು ವಾಚಕರು ಕೇಳಬಹುದು. ಟೋನಿ ರ‍್ಯಾಂಡಲ್ ಆ ಆಸನಕ್ಕೆ ಮತ್ತೆ ಮತ್ತೆ ಬಂದರು. ೨೦೦೪ರಲ್ಲಿ, ತಮ್ಮ ೮೪ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಹದಿನೆಂಟರ ಡ್ರೂ ಬ್ಯಾರಿಮೋರ್ ೨೦೨೦ರ ಸೆಪ್ಟೆಂಬರ್‌ನಲ್ಲಿ ತನ್ನದೇ ಹೆಸರಿನ ಮಾತುಕತೆಯ ಕಾರ್ಯಕ್ರಮವನ್ನು ಆರಂಭಿಸಿ ತಾನೇ ಆತಿಥೇಯಳಾದಳು. ಹೊಸಬನ ಮನೆಯ ಸೀದ ಅನ್ನವನ್ನು ಉಂಡವಳು, ಒಲೆಯ ಮುಂದೆ ನಿಲ್ಲುವುದರ ಕಷ್ಟವನ್ನು ಮರೆತಿರಲಾರಳು.

ಅತಿಥಿಸತ್ಕಾರದ ಲೆಕ್ಕದಲ್ಲಿ ಒಂದು ಬಾಕಿ ಉಳಿದಿತ್ತು. ೨೦೧೫ರ ಮೇ ೨೦ರಂದು ಲೆಟರ್‌ಮನ್ ತನ್ನ ಕಡೆಯ ಕಾರ್ಯಕ್ರಮವನ್ನು ನಡೆಸಿದ. ಆ ಹೊತ್ತಿನಲ್ಲಿ ಓಬ್ರಯನ್ ಬೇರೊಂದು ವಾಹಿನಿಯಲ್ಲಿ ತನ್ನ ಕಾರ್ಯಕ್ರಮ ನಡೆಸುತ್ತಿದ್ದ. ಲೆಟರ್‌ಮನ್‌ನ ಗಳಿಗೆ ಬಂದಾಗ, ಇನ್ನು ನನ್ನನ್ನು ಬಿಟ್ಟು ಅತ್ತ ಹೋಗಿ ಆತನನ್ನು ನೋಡಿರೆಂದು ತನ್ನ ಪ್ರೇಕ್ಷಕರಿಗೆ ತಾನೇ ಹೇಳಿದ. ಒಂದೊಂದು ಜೊತೆ ಕಣ್ಣಿಗೂ ಬೆಲೆ ಕಟ್ಟುವ ಆ ವ್ಯಾಪಾರದಲ್ಲಿ, ತನ್ನ ಅಂಗಡಿಯ ಬಾಗಿಲಲ್ಲಿ ನಿಂತು ಎದುರಂಗಡಿಗೆ ದಾರಿ ತೋರಿದಂತೆ. ಇಪ್ಪತ್ತೊಂದು ವರ್ಷಗಳ ಹಿಂದೆ ಖಾಲಿ ಕುರ್ಚಿಯನ್ನು ತುಂಬಿದವನಿಗಾಗಿ, ಆತ ಆ ರಾತ್ರಿ ತನ್ನ ಕುರ್ಚಿಗಳನ್ನೇ ಖಾಲಿ ಮಾಡಿದ.

ಈ ಚೈತ್ರದಲ್ಲಿ ನಮ್ಮ ಬಡಾವಣೆಯ ಚಪ್ಪರದಲ್ಲಿ ಇನ್ನಾರೋ ಹೊಸಬರು ಹಾಡುವರಂತೆ. ಶ್ರುತಿ ಎಲ್ಲಿ ಜಾರಿದರೂ ಮಂಗಳದವರೆಗೆ ಏಳುವುದಿಲ್ಲವೆಂದು ಮನೆಯಾಕೆಗೆ ಮಾತು ಕೊಟ್ಟಿದ್ದೇನೆ. ಆಕೆ ನಕ್ಕು, ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದಿದ್ದಾಳೆ.